ಎರಡು ಬೀಗ, ಎರಡು ಪುಸ್ತಕ: ಬ್ರಿಟಿಷ್ ಕಾಲದ ಜಿಲ್ಲಾ ಖಜಾನೆ ಲೆಕ್ಕ ಇಡುತ್ತಿದ್ದ ಬಗೆ

1890ರ ಸುಮಾರಿನಲ್ಲಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹೊಸಪೇಟೆ ತಾಲೂಕಿನ ರೈತನೊಬ್ಬ ತನ್ನ ಹೊಲದ ಕಂದಾಯದ ಕಿಸ್ತಿಗೆಂದು 7 ರೂಪಾಯಿ 9 ಆಣೆ 4 ಪೈ ಕಟ್ಟಿದ ಎಂದಿಟ್ಟುಕೊಳ್ಳೋಣ. ಆ ಹಣ ಊರ ಗೌಡನ ಕೈ ಸೇರಿತು, ಕರಣಿಕ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ, ಊರಿನ ಉಳಿದ ವಸೂಲಿಯ ಜೊತೆಗೆ ಅದು ಇರಸಾಲಾಗಿ, ಅಂದರೆ ಊರಿನಿಂದ ಕಳಿಸುವ ವಸೂಲಿ ಹಣವಾಗಿ, ತಾಲೂಕು ಖಜಾನೆಗೆ ಹೋಯಿತು. ಅಲ್ಲಿಂದ ಮುಂದೆ ನಾಣ್ಯದ ದಾರಿಯೇ ಬೇರೆ, ಲೆಕ್ಕದ ದಾರಿಯೇ ಬೇರೆ. ನಾಣ್ಯ ಬಹುಶಃ ಹೊಸಪೇಟೆಯ ಗಡಿಯನ್ನೂ ದಾಟಿರಲಾರದು. ಮರುವಾರವೇ ಅಲ್ಲಿನ ಯಾವನೋ ಪೊಲೀಸು ಪೇದೆಯ ಸಂಬಳವಾಗಿ ಮತ್ತೆ ಸಂತೆಗೆ ಬಂದಿರಬಹುದು. ಲೆಕ್ಕದ ಅಂಕಿ ಮಾತ್ರ ಬಳ್ಳಾರಿಗೆ, ಬಳ್ಳಾರಿಯಿಂದ ಮದ್ರಾಸಿಗೆ, ಮದ್ರಾಸಿನಿಂದ ಕಲ್ಕತ್ತೆಗೆ, ಕೊನೆಗೆ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿನ ಮುಂದಿಡುವ ವಾರ್ಷಿಕ ಲೆಕ್ಕದಲ್ಲಿ ಕರಗಿತು. ಬ್ರಿಟಿಷ್ ಆಡಳಿತದ ಖಜಾನೆ ಲೆಕ್ಕವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಹಣವನ್ನು ಕಣ್ಣಿನಿಂದ ಎಂದೂ ಕಾಣದ, ಸಾವಿರಾರು ಮೈಲಿ ದೂರದಲ್ಲಿ ಕುಳಿತ ಅಧಿಕಾರಿಯೊಬ್ಬ ಬರೀ ಕಾಗದವನ್ನು ನೋಡಿ ನಂಬುವಂತಾಗಬೇಕು ಎಂಬುದೇ ಈ ವ್ಯವಸ್ಥೆಯ ಹಿಂದಿದ್ದ ಉದ್ದೇಶ, ಮತ್ತು ಅದರ ಒಂದೊಂದು ನಿಯಮವೂ ಯಾರನ್ನೂ ಪೂರ್ತಿ ನಂಬಬಾರದು ಎಂಬ ಎಚ್ಚರದಿಂದ ಹುಟ್ಟಿದ್ದು.

ಖಜಾನೆ ಎಂದರೆ ಹಣ ಕೂಡಿಡುವ ಉಗ್ರಾಣವೆಂದು ನಮಗೆ ಅನ್ನಿಸುತ್ತದೆ. ಜಿಲ್ಲಾ ಖಜಾನೆ ಅದಕ್ಕಿಂತ ಹೆಚ್ಚಾಗಿ ಸರ್ಕಾರದ ಗಲ್ಲಾಪೆಟ್ಟಿಗೆಯಾಗಿತ್ತು. ಭೂಕಂದಾಯ, ಅಬಕಾರಿ, ಸ್ಟಾಂಪು, ಉಪ್ಪಿನ ಸುಂಕ, ಕೋರ್ಟಿನ ದಂಡ ಎಲ್ಲವೂ ಅಲ್ಲಿಗೇ ಬರಬೇಕು. ಸಂಬಳ, ಪಿಂಚಣಿ, ಜೈಲಿನ ಖರ್ಚು, ರಸ್ತೆಯ ಕೆಲಸದ ಹಣ ಎಲ್ಲವೂ ಅಲ್ಲಿಂದಲೇ ಹೋಗಬೇಕು. ಜವಾಬ್ದಾರಿ ಕಲೆಕ್ಟರನದು. ದಿನದ ಕೆಲಸವನ್ನು ನೋಡಿಕೊಳ್ಳಲು ಮದ್ರಾಸ್ ಪ್ರಾಂತ್ಯದಲ್ಲಿ ಖಜಾನೆಯ ಡೆಪ್ಯುಟಿ ಕಲೆಕ್ಟರ್ ಎಂಬ ಅಧಿಕಾರಿಯಿದ್ದ. ತಾಲೂಕು ಮಟ್ಟದಲ್ಲಿ ಉಪಖಜಾನೆಗಳಿದ್ದವು. ಅವು ಮದ್ರಾಸ್ ಸೀಮೆಯಲ್ಲಿ ತಹಶೀಲ್ದಾರನ ಕೈಯಲ್ಲಿ, ಧಾರವಾಡ, ಬೆಳಗಾವಿ, ಬಿಜಾಪುರಗಳಿದ್ದ ಮುಂಬಯಿ ಸೀಮೆಯಲ್ಲಿ ಮಾಮಲೇದಾರನ ಕೈಯಲ್ಲಿ, ಮೈಸೂರಿನಲ್ಲಿ ಅಮಲ್ದಾರನ ಕೈಯಲ್ಲಿ ಇದ್ದವು. ಹೆಸರುಗಳು ಬೇರೆಯಾದರೂ ಕೆಲಸದ ರೀತಿ ಬಹುಮಟ್ಟಿಗೆ ಒಂದೇ.

ಕಂಪನಿಯ ಆರಂಭದ ದಿನಗಳಲ್ಲಿ ಇಂಥ ಬಿಗಿ ಇರಲಿಲ್ಲ. ಆಗ ಕೊಯಮತ್ತೂರು ಜಿಲ್ಲೆಯ ಖಜಾಂಚಿಯಾಗಿದ್ದ ಕಾಶಿ ಚೆಟ್ಟಿಯ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮ ಕೊಳ್ಳೇಗಾಲವೂ ಆಗ ಅದೇ ಜಿಲ್ಲೆಗೆ ಸೇರಿತ್ತು. ಸರ್ಕಾರದ ಹಣವನ್ನೂ ತನ್ನ ಹುದ್ದೆಯ ಅಧಿಕಾರವನ್ನೂ ಸ್ವಂತ ವ್ಯಾಪಾರಕ್ಕೆ ಬಳಸಿಕೊಂಡನೆಂಬ ಆರೋಪ ಅವನ ಮೇಲೆ ಬಂತು, ಕಂಪನಿಯ ಹಿರಿಯ ಅಧಿಕಾರಿ ಥಾಮಸ್ ಮನ್ರೋ 1816ರ ಹೊತ್ತಿಗೆ ಅದರ ವಿಚಾರಣೆಗೆ ಹೋಗಬೇಕಾಯಿತು. ಹಣ ಎಣಿಸುವವನೂ ಅವನೇ, ಕೀಲಿ ಇಟ್ಟುಕೊಳ್ಳುವವನೂ ಅವನೇ, ಲೆಕ್ಕ ಬರೆಸುವವನೂ ಅವನೇ ಆದರೆ, ಮೇಲಿನ ಕಲೆಕ್ಟರನಿಗೆ ಕಾಣುವುದು ಅವನು ತೋರಿಸಿದಷ್ಟು ಮಾತ್ರ. ಮುಂದಿನ ದಶಕಗಳಲ್ಲಿ ರೂಪುಗೊಂಡ ನಿಯಮಗಳೆಲ್ಲ ಈ ಮೂರು ಕೆಲಸಗಳನ್ನು ಒಬ್ಬನ ಕೈಯಿಂದ ಬಿಡಿಸಿ ಬೇರೆ ಬೇರೆ ಕೈಗೆ ಕೊಡುವ ಪ್ರಯತ್ನಗಳೇ.

ಮೊದಲನೆಯದು ಬೀಗ. ಖಜಾನೆಯ ಭದ್ರಕೋಠಡಿಗೆ ಎರಡು ಬೀಗಗಳಿರುತ್ತಿದ್ದವು. ಒಂದರ ಕೀಲಿ ಖಜಾನೆ ಅಧಿಕಾರಿಯ ಬಳಿ, ಇನ್ನೊಂದರದು ಖಜಾಂಚಿಯ ಬಳಿ. ಇಬ್ಬರೂ ಕೂಡಿ ಬಂದಲ್ಲದೆ ಬಾಗಿಲು ತೆರೆಯದು. ದಿನದ ವ್ಯವಹಾರಕ್ಕೆ ಬೇಕಾದಷ್ಟು ಹಣವನ್ನು ಬೆಳಿಗ್ಗೆ ಹೊರಗೆ ತೆಗೆದು ಖಜಾಂಚಿಯ ಒಂಟಿ ಬೀಗದ ಪೆಟ್ಟಿಗೆಗೆ ಹಾಕಿಕೊಡುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಎಷ್ಟು ಹಣವಿರಬಹುದು ಎಂಬುದಕ್ಕೆ ಮಿತಿಯಿತ್ತು, ಮತ್ತು ಆ ಮಿತಿಗೂ ಖಜಾಂಚಿ ಕೆಲಸಕ್ಕೆ ಸೇರುವಾಗ ಕೊಟ್ಟ ಜಾಮೀನಿಗೂ ಸಂಬಂಧವಿತ್ತು. ಅವನು ಓಡಿಹೋದರೂ ಸರ್ಕಾರಕ್ಕೆ ನಷ್ಟವಾಗಬಾರದು ಎಂಬ ಒರಟು ಲೆಕ್ಕಾಚಾರ ಅದು. ತಿಂಗಳಿಗೊಮ್ಮೆ ಕಲೆಕ್ಟರ್ ಸ್ವತಃ ಬಂದು ಶಿಲ್ಕನ್ನು, ಅಂದರೆ ಕೈಯಲ್ಲಿ ಉಳಿದಿರುವ ಹಣವನ್ನು, ಎಣಿಸಿ ನೋಡಿ ಸಹಿ ಹಾಕಬೇಕಿತ್ತು.

ಎಣಿಸುವುದು ಸಣ್ಣ ಕೆಲಸವಾಗಿರಲಿಲ್ಲ. 1835ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿಯ ತೂಕ 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲ. ನಮ್ಮ ಅಂಗಡಿಗಳಲ್ಲಿ ರೂಪಾಯಿಯನ್ನೇ ತಕ್ಕಡಿಗೆ ಹಾಕಿ ತೂಗುತ್ತಿದ್ದುದು ಇದರಿಂದಲೇ. ಈಗಿನ ಲೆಕ್ಕದಲ್ಲಿ ಸಾವಿರ ರೂಪಾಯಿ ಎಂದರೆ ಹನ್ನೊಂದೂವರೆ ಕಿಲೋ ಮೀರಿದ ಬೆಳ್ಳಿ, ಒಂದು ಲಕ್ಷವೆಂದರೆ ಒಂದು ಟನ್ನಿಗೂ ಹೆಚ್ಚು ಭಾರ. ಹಣ ಕಳಿಸುವುದೆಂದರೆ ಗಾಡಿ ಹೂಡುವುದು, ಕಾವಲು ಕೊಡುವುದು, ದಾರಿಯ ಠಾಣೆಗಳಿಗೆ ತಿಳಿಸುವುದು. ಮೈಸೂರು ಸೀಮೆಯಲ್ಲಿ ಖಜಾನೆಯ ಹಣ ಹೊತ್ತು ಸಾಗಿಸುವ ಕೆಲಸ ಪರಂಪರೆಯಿಂದ ಗೊಲ್ಲರದಾಗಿದ್ದು, ಅದರಿಂದಾಗಿ ಅವರಲ್ಲಿ ಒಂದು ವರ್ಗಕ್ಕೆ ಧನಪಾಲರೆಂಬ ಹೆಸರೂ ಇತ್ತು. ಬಂದ ನಾಣ್ಯವನ್ನು ಪರೀಕ್ಷಿಸಲು ಶರಾಫ ಇರುತ್ತಿದ್ದ. ಅವನು ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳುತ್ತಿದ್ದ, ಅಂಚು ಸವರಿ ನೋಡುತ್ತಿದ್ದ, ಅನುಮಾನ ಬಂದರೆ ತೂಗುತ್ತಿದ್ದ. 1870ರ ಕಾಯಿದೆ ಬಂದ ಮೇಲೆ ತೂಕದಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಸವೆದ ರೂಪಾಯಿಯನ್ನು ಪೂರ್ಣ ಬೆಲೆಗೆ ತೆಗೆದುಕೊಳ್ಳಲೇಬೇಕೆಂದಿರಲಿಲ್ಲ. ಖೋಟಾ ನಾಣ್ಯ ಸಿಕ್ಕರೆ ಅಲ್ಲೇ ಕತ್ತರಿಸಿ ಕೊಡುವ ಅಧಿಕಾರ ಖಜಾನೆಗಿತ್ತು. ರೈತನ ಪಾಲಿಗೆ ಸರ್ಕಾರವೆಂದರೆ ಎಷ್ಟೋ ಸಲ ಈ ಶರಾಫನ ಬೆರಳೇ ಆಗಿತ್ತು.

ಖಜಾನೆ ಹೀಗೆ ಸರ್ಕಾರದ ಕಣ್ಣಿಗೆ ಕಾಣುವ ರೂಪವಾಗಿದ್ದರಿಂದಲೇ ಬಂಡಾಯಗಾರರ ಕಣ್ಣೂ ಮೊದಲು ಅದರ ಮೇಲೆ ಬೀಳುತ್ತಿತ್ತು. 1834ರಲ್ಲಿ ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ ಸುಳ್ಯ ಸೀಮೆಯಲ್ಲಿ ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕಟ್ಟಬೇಕೆಂದಾಗ ಹುಟ್ಟಿದ ಅಸಮಾಧಾನ 1837ರ ದಂಗೆಗೆ ಒಂದು ಮುಖ್ಯ ಕಾರಣ, ಮತ್ತು ಆ ದಂಗೆಯವರು ಆರಂಭದಲ್ಲಿಯೇ ವಶಪಡಿಸಿಕೊಂಡದ್ದು ಬೆಳ್ಳಾರೆಯ ಖಜಾನೆಯನ್ನು. 1858ರಲ್ಲಿ ಮುಂಡರಗಿ ಭೀಮರಾಯನ ಕಡೆಯವರು ಡಂಬಳದ ಖಜಾನೆಯ ಮೇಲೆ ಬಿದ್ದರು.

ಎರಡನೆಯದು ಪುಸ್ತಕ. ಈ ವ್ಯವಸ್ಥೆಯ ನಿಜವಾದ ಜಾಣತನ ಇರುವುದು ಇಲ್ಲಿ. ಖಜಾನೆಯಲ್ಲಿ ಎರಡು ವಿಭಾಗಗಳಿದ್ದವು: ಹಣ ಮುಟ್ಟುವ ಖಜಾಂಚಿಯದು ಒಂದು, ಹಣವನ್ನು ಮುಟ್ಟದೆ ಬರೀ ಲೆಕ್ಕ ಬರೆಯುವ ಅಕೌಂಟೆಂಟನದು ಇನ್ನೊಂದು. ಇಬ್ಬರೂ ತಮ್ಮ ತಮ್ಮ ನಗದು ಪುಸ್ತಕವನ್ನು, ಒಬ್ಬರದನ್ನು ಇನ್ನೊಬ್ಬರು ನೋಡಿ ನಕಲು ಮಾಡದೆ, ಬೇರೆಯಾಗಿ ಬರೆಯಬೇಕು. ಹಣ ಕಟ್ಟಲು ಬಂದವನು ಚಲನ್ ತರುತ್ತಾನೆ. ಯಾರು, ಎಷ್ಟು, ಯಾವ ಬಾಬ್ತು ಎಂಬುದು ಅದರಲ್ಲಿರುತ್ತದೆ. ಅಕೌಂಟೆಂಟ್ ಅದನ್ನು ನೋಡಿ ಸರಿಯಿದೆ ಎಂದ ಮೇಲೆ ಖಜಾಂಚಿ ಹಣ ಎಣಿಸಿಕೊಂಡು ತನ್ನ ಪುಸ್ತಕದಲ್ಲಿ ಜಮೆ ಬರೆದು ಸಹಿ ಹಾಕುತ್ತಾನೆ. ಆ ಚಲನ್ ಮತ್ತೆ ಅಕೌಂಟೆಂಟನ ಬಳಿ ಬಂದು ಅವನ ಪುಸ್ತಕದಲ್ಲೂ ಜಮೆಯಾದ ಮೇಲೆಯೇ ಒಂದು ಪ್ರತಿ ರಸೀದಿಯಾಗಿ ಕಟ್ಟಿದವನ ಕೈಗೆ ಹೋಗುತ್ತದೆ. ಹಣ ಕೊಡುವಾಗ ಈ ಕ್ರಮ ತಿರುಗುಮುರುಗಾಗುತ್ತದೆ. ಸಂಬಳದ ಬಿಲ್ಲು ಮೊದಲು ಅಕೌಂಟೆಂಟನಿಗೆ, ಅವನ ಪುಸ್ತಕದಲ್ಲಿ ಖರ್ಚು ಬಿದ್ದ ಮೇಲೆ ಅಧಿಕಾರಿಯ ಸಹಿಗೆ, ಕೊನೆಗೆ ಖಜಾಂಚಿಗೆ. ಜಮೆಯಲ್ಲಿ ಹಣ ಮೊದಲು, ಬರಹ ಆಮೇಲೆ. ಖರ್ಚಿನಲ್ಲಿ ಬರಹ ಮೊದಲು, ಹಣ ಆಮೇಲೆ. ನಡುವೆ ಯಾವ ಹಂತದಲ್ಲಿ ಕೆಲಸ ನಿಂತುಹೋದರೂ ಪೆಟ್ಟಿಗೆಯಲ್ಲಿ ಹಣ ಪುಸ್ತಕಕ್ಕಿಂತ ಹೆಚ್ಚಿರಬಹುದೇ ಹೊರತು ಕಡಿಮೆಯಾಗಲಾರದು. ಸಂಜೆ ಎರಡೂ ಪುಸ್ತಕಗಳನ್ನು ಕಟ್ಟಿ, ಬೆಳಗಿನ ಶಿಲ್ಕಿಗೆ ದಿನದ ಜಮೆ ಕೂಡಿಸಿ ಖರ್ಚು ಕಳೆದು, ಎರಡರ ಆಖೈರು ಶಿಲ್ಕೂ ಪೈಗೆ ಪೈ ತಾಳೆಯಾದ ಮೇಲೆ ಹಣ ಮತ್ತೆ ಎರಡು ಬೀಗದ ಒಳಗೆ. ಖಜಾಂಚಿ ಮತ್ತು ಅಕೌಂಟೆಂಟ್ ಇಬ್ಬರೂ ಒಳಗೊಳಗೇ ಕೂಡಿಕೊಂಡರೆ ಈ ತಡೆ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ಪೈಗೆ ಪೈ ಎಂಬುದನ್ನು ಹತ್ತಿರದಿಂದ ನೋಡಬೇಕು. ದಶಮಾಂಶಕ್ಕೆ ಒಗ್ಗಿದ ನಮಗೆ ಆ ಕೂಡಿಕೆಯ ಕಷ್ಟ ಸುಲಭವಾಗಿ ಹೊಳೆಯದು. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ನಮ್ಮ ರೈತನ 7-9-4ಕ್ಕೆ ಅವನ ನೆರೆಯವನ 3-11-10 ಸೇರಿಸುವುದಾದರೆ, ಪೈಗಳು 14, ಅಂದರೆ 2 ಪೈ ಬರೆದು ಒಂದಾಣೆ ಕೈಯಲ್ಲಿ, ಆಣೆಗಳು 9, 11, ಕೈಯ 1 ಸೇರಿ 21, ಅಂದರೆ 5 ಆಣೆ ಬರೆದು ಒಂದು ರೂಪಾಯಿ ಕೈಯಲ್ಲಿ, ಒಟ್ಟು 11-5-2. ಒಂದೇ ಸಾಲಿನಲ್ಲಿ ಹನ್ನೆರಡರ ದಶಕ, ಹದಿನಾರರ ದಶಕ, ಹತ್ತರ ದಶಕ ಮೂರನ್ನೂ ಹಿಡಿದುಕೊಂಡು ಪುಟಗಟ್ಟಲೆ ಕೂಡಬೇಕು. ಊರಿನ ಕರಣಿಕರು, ಶಾನುಭೋಗರು ಬರೆಯುತ್ತಿದ್ದ ರೀತಿ ಇನ್ನೂ ಬೇರೆ: ರೂಪಾಯಿಯ ಕಾಲುಭಾಗಕ್ಕೆ ಒಂದು ನೆಟ್ಟನೆಯ ಗೀಟು, ಆಣೆಗೆ ಅಡ್ಡ ಗೀಟು. ಆ ಗೀಟಿನ ಲೆಕ್ಕ ತಾಲೂಕು ಕಚೇರಿ ದಾಟಿ ಜಿಲ್ಲೆಗೆ ಹೋಗುವಾಗ ಇಂಗ್ಲಿಷ್ ಅಂಕಣಗಳಾಗಿ ಬದಲಾಗಬೇಕಿತ್ತು.

ಇದಕ್ಕೂ ಹಿಂದಿನ ನಾಣ್ಯಗಳ ಕಾಲದಲ್ಲಿ ಪಾಡು ಇನ್ನೂ ಕಷ್ಟದ್ದು. ಮೈಸೂರಿನಲ್ಲಿ ಕಂಠೀರಾಯಿ ವರಹ ಮತ್ತು ಹಣವೆಂಬ ಸಣ್ಣ ನಾಣ್ಯಗಳ ಲೆಕ್ಕ. ಮದ್ರಾಸಿನಲ್ಲಿ ನಕ್ಷತ್ರ ವರಹ, ಅದಕ್ಕೆ 42 ಹಣ, ಹಣಕ್ಕೆ 80 ಕಾಸು. 1818ರಲ್ಲಿ ಮದ್ರಾಸ್ ಸರ್ಕಾರ ತನ್ನ ಲೆಕ್ಕವನ್ನು ರೂಪಾಯಿಗೆ ಬದಲಿಸಿದಾಗ ನೂರು ನಕ್ಷತ್ರ ವರಹಕ್ಕೆ 350 ರೂಪಾಯಿ ಎಂದು ದರ ಕಟ್ಟಿತು. 1799ರ ಒಪ್ಪಂದದಲ್ಲಿ 7 ಲಕ್ಷ ವರಹವೆಂದು ಬರೆದಿದ್ದ ಮೈಸೂರಿನ ಪೊಗದಿ (ಕಂಪನಿಗೆ ವರ್ಷವರ್ಷ ಕೊಡಬೇಕಾದ ಹಣ) ಮುಂದೆ ಎಲ್ಲ ಕಡೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಎಂದು ಕಾಣುವುದು ಇದೇ ದರದಿಂದ. ಬರೆಯುವ ಸಾಮಗ್ರಿಯೂ ಬೇರೆಯಾಗಿತ್ತು. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಉದ್ದನೆಯ ಪಟ್ಟಿಗೆ ಕಡತವೆಂದು ಹೆಸರು. ಬಳಪದ ಬರಹವನ್ನು ಒರೆಸಿ ತಿದ್ದಬಹುದಾಗಿತ್ತು. ಲೆಕ್ಕ ತಪಾಸಣೆ ಮಾಡುವ ಅಧಿಕಾರಿಗೆ ಇದಕ್ಕಿಂತ ಕೆಟ್ಟ ಕನಸು ಇರಲಾರದು. ಶಾಯಿ, ಹೊಲಿದ ಪುಸ್ತಕ, ಪುಟಸಂಖ್ಯೆ, ತಿದ್ದಿದಲ್ಲೆಲ್ಲ ಸಹಿ ಇವುಗಳ ಮೇಲಿನ ಇಂಗ್ಲಿಷ್ ಕಚೇರಿಯ ಹಟವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅರ್ಥವಾಗುತ್ತದೆ. ಬಟ್ಟೆ ಹೋಗಿ ಕಾಗದ ಬಂದರೂ ಕಡತವೆಂಬ ಹೆಸರು ಮಾತ್ರ ಇವತ್ತಿನ ಕಚೇರಿಗಳಲ್ಲಿ ಉಳಿದಿದೆ.

ಇನ್ನು ಲೆಕ್ಕ ಶೀರ್ಷಿಕೆಗಳ ವಿಚಾರ. ಖಜಾನೆಗೆ ಬಂದ ಪ್ರತಿ ಪೈಗೂ ಒಂದು ತಲೆಬರಹ ಬೇಕು. ಆದಾಯದ ಶೀರ್ಷಿಕೆಗಳಿಗೆ ರೋಮನ್ ಅಂಕಿ, ವೆಚ್ಚದ ಶೀರ್ಷಿಕೆಗಳಿಗೆ ಸಾಮಾನ್ಯ ಅಂಕಿ. ಆದಾಯದ ಪಟ್ಟಿಯಲ್ಲಿ ಒಂದನೆಯದು ಭೂಕಂದಾಯ, ಎರಡನೆಯದು ಅಫೀಮು, ಮೂರನೆಯದು ಉಪ್ಪು, ನಾಲ್ಕನೆಯದು ಸ್ಟಾಂಪು, ಐದನೆಯದು ಅಬಕಾರಿ. ಈ ಸಾಲೇ ಆ ಸರ್ಕಾರ ಯಾವುದರ ಮೇಲೆ ನಿಂತಿತ್ತು ಎಂಬುದನ್ನು ಹೇಳುತ್ತದೆ. ಆದರೆ ಖಜಾನೆಗೆ ಬಂದದ್ದೆಲ್ಲ ಆದಾಯವಲ್ಲ. ಕೋರ್ಟಿನಲ್ಲಿ ವ್ಯಾಜ್ಯದ ಕಕ್ಷಿಗಾರ ಇಟ್ಟ ಹಣ, ಗುತ್ತಿಗೆದಾರನ ಜಾಮೀನು ಮೊತ್ತ ಇವು ಸರ್ಕಾರದ ಪೆಟ್ಟಿಗೆಯಲ್ಲಿದ್ದರೂ ಸರ್ಕಾರದ್ದಲ್ಲ, ಹಿಂದಿರುಗಿಸಬೇಕಾದ ಸಾಲ. ಇವು ಠೇವಣಿಯೆಂಬ ಬೇರೆ ಶೀರ್ಷಿಕೆಗೆ ಹೋಗುತ್ತಿದ್ದವು. ಮೂರು ಪೂರ್ಣ ಲೆಕ್ಕದ ವರ್ಷಗಳವರೆಗೆ ಯಾರೂ ಕೇಳಿಕೊಂಡು ಬಾರದ ಠೇವಣಿಯ ಬಾಕಿಯನ್ನು ಮಾರ್ಚಿ ಕೊನೆಗೆ ಸರ್ಕಾರದ ಜಮೆಗೆ ಹಾಕಿಕೊಳ್ಳುತ್ತಿದ್ದರು. ಹಾಗೆಯೇ ಮುಂಗಡ: ಹಣ ಹೊರಗೆ ಹೋಗಿದೆ, ಆದರೆ ಯಾವ ಕೆಲಸಕ್ಕೆ ಎಷ್ಟಾಯಿತೆಂಬ ಲೆಕ್ಕ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅದು ವೆಚ್ಚವೂ ಅಲ್ಲ, ಕೈಯಲ್ಲಿರುವ ಹಣವೂ ಅಲ್ಲ.

ಮುಂಗಡವೆಂಬ ಈ ಮಧ್ಯದ ಸ್ಥಿತಿ ಎಷ್ಟು ಅಪಾಯಕಾರಿ ಎಂಬುದು 1880ರಲ್ಲಿ ಇಡೀ ಸಾಮ್ರಾಜ್ಯಕ್ಕೆ ಗೊತ್ತಾಯಿತು. ಎರಡನೆಯ ಆಫ್ಘನ್ ಯುದ್ಧ ನಡೆಯುತ್ತಿತ್ತು. ಯುದ್ಧದ ವೆಚ್ಚ ಸುಮಾರು 60 ಲಕ್ಷ ಪೌಂಡ್ ಎಂಬ ಅಂದಾಜಿನ ಮೇಲೆ ವೈಸರಾಯ್ ಮಂಡಳಿಯ ಹಣಕಾಸು ಸದಸ್ಯ ಜಾನ್ ಸ್ಟ್ರೇಚಿ ಬಜೆಟ್ ಮಂಡಿಸಿದ. ಆದರೆ ಕೆಲವೇ ವಾರಗಳಲ್ಲಿ ಖಜಾನೆಗಳ ಶಿಲ್ಕು ಯಾರೂ ಎಣಿಸದ ವೇಗದಲ್ಲಿ ಇಳಿಯತೊಡಗಿತು. ಸೈನ್ಯದ ಲೆಕ್ಕ ಇಲಾಖೆಯವರು ತಮ್ಮಲ್ಲಿಗೆ ಬಂದು, ತಪಾಸಣೆಯಾಗಿ, ಶೀರ್ಷಿಕೆಗೆ ಬಿದ್ದ ವೋಚರುಗಳನ್ನು, ಅಂದರೆ ಖರ್ಚಿನ ರುಜುವಾತಿನ ಕಾಗದಗಳನ್ನು, ಮಾತ್ರ ವೆಚ್ಚವೆಂದು ಎಣಿಸುತ್ತಿದ್ದರು. ಗಡಿಯ ಖಜಾನೆಗಳಿಂದ ಒಂಟೆ, ಧಾನ್ಯ, ಕೂಲಿಗಳಿಗಾಗಿ ಮುಂಗಡವೆಂದು ದಿನವೂ ಹರಿದುಹೋಗುತ್ತಿದ್ದ ಹಣ ಅವರ ಪುಸ್ತಕಕ್ಕೆ ಇನ್ನೂ ಬಂದೇ ಇರಲಿಲ್ಲ. ತಪಾಸಣೆಯಾದ ಲೆಕ್ಕ ತಪ್ಪೇನೂ ಆಗಿರಲಿಲ್ಲ, ತಿಂಗಳುಗಟ್ಟಲೆ ಹಿಂದಿತ್ತು ಅಷ್ಟೆ. ಕೊನೆಗೆ ಯುದ್ಧದ ವೆಚ್ಚ 1 ಕೋಟಿ 70 ಲಕ್ಷ ಪೌಂಡನ್ನೂ ಮೀರಿತು, ಸ್ಟ್ರೇಚಿ ಅದೇ ವರ್ಷ ಹುದ್ದೆ ಬಿಟ್ಟ. ಯಾರಾದರೂ ಖಜಾನೆಗಳ ದಿನದ ಶಿಲ್ಕನ್ನು ಅಂದಾಜಿನ ಪಕ್ಕದಲ್ಲಿಟ್ಟು ನೋಡಿದ್ದರೆ ಬಜೆಟ್ಟಿಗೆ ಮೊದಲೇ ಗೊತ್ತಾಗಬಹುದಾಗಿದ್ದ ಸಂಗತಿ ಅದು.

ಶೀರ್ಷಿಕೆಯ ಇನ್ನೊಂದು ಮಾಯೆಯನ್ನು ಕನ್ನಡ ನಾಡು ಹೆಚ್ಚು ಹತ್ತಿರದಿಂದ ಕಂಡಿದೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನ ಕ್ಷಾಮ, ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳನ್ನು ಹಿಂಡಿದ ಮೇಲೆ, ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯನ್ನು ಕ್ಷಾಮ ವಿಮೆಗೆಂದು ತೆಗೆದಿಡುವುದಾಗಿ ಸರ್ಕಾರ 1878ರಲ್ಲಿ ಹೇಳಿ, ಅದಕ್ಕಾಗಿ ಹೊಸ ತೆರಿಗೆಗಳನ್ನೂ ಹಾಕಿತು. ಜನ ಅದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟ ಹಣವೆಂದು ತಿಳಿದರು. ಹಾಗೇನೂ ಇರಲಿಲ್ಲ. ಸರ್ಕಾರದ ಹಣವೆಲ್ಲ ಒಂದೇ ಶಿಲ್ಕು. ಲೆಕ್ಕ ಶೀರ್ಷಿಕೆ ಎಂಬುದು ಪುಸ್ತಕದಲ್ಲಿನ ಒಂದು ಸಾಲು, ಅದಕ್ಕೆ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಆಫ್ಘನ್ ಯುದ್ಧದ ವರ್ಷಗಳಲ್ಲಿ ಆ ಹಣ ಕ್ಷಾಮಕ್ಕೆಂದು ಉಳಿಯಲಿಲ್ಲ ಎಂಬ ದೂರು ಭಾರತೀಯ ಪತ್ರಿಕೆಗಳಲ್ಲಿ ಬಹುಕಾಲ ನಡೆಯಿತು. ಸರ್ಕಾರ ಲೆಕ್ಕದ ಭಾಷೆಯಲ್ಲಿ ಸುಳ್ಳು ಹೇಳಿರಲಿಲ್ಲವೆಂದು ವಾದಿಸಬಹುದು; ತೆರಿಗೆ ಕಟ್ಟಿದವರಿಗೆ ಲೆಕ್ಕದ ಭಾಷೆಯಲ್ಲಿ ಮಾತು ಕೊಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕಾಲದ ಲೆಕ್ಕವೂ ತೊಡಕಿನದೇ. ಮೊದಲು ಸರ್ಕಾರಿ ವರ್ಷ ಮೇ 1ಕ್ಕೆ ಆರಂಭವಾಗುತ್ತಿತ್ತು. 1867ರಿಂದ ಅದನ್ನು ಏಪ್ರಿಲ್ 1ಕ್ಕೆ ತಂದರು. ಹೀಗಾಗಿ 1866-67ರ ವರ್ಷಕ್ಕೆ ಹನ್ನೊಂದೇ ತಿಂಗಳು, ಅದರ ಅಂಕಿಗಳನ್ನು ಹಿಂದುಮುಂದಿನ ವರ್ಷಗಳಿಗೆ ಹೋಲಿಸುವವರು ಎಚ್ಚರದಿಂದಿರಬೇಕು. ಆದರೆ ಮದ್ರಾಸ್ ಸೀಮೆಯ ಕಂದಾಯದ ಲೆಕ್ಕ, ವರ್ಷದ ಕಂದಾಯ ಗೊತ್ತುಮಾಡುವ ಜಮಾಬಂದಿ ನಡೆಯುತ್ತಿದ್ದುದು ಜುಲೈ 1ರಿಂದ ಆರಂಭವಾಗುವ ಫಸಲಿ ವರ್ಷದಲ್ಲಿ. 1900ರ ಜುಲೈಗೆ ಫಸಲಿ 1310. ನಮ್ಮ ರೈತನ ಕಿಸ್ತು ಕರಣಿಕನ ಪುಸ್ತಕದಲ್ಲಿ ಒಂದು ವರ್ಷಕ್ಕೂ ಖಜಾನೆಯ ಪುಸ್ತಕದಲ್ಲಿ ಇನ್ನೊಂದು ವರ್ಷಕ್ಕೂ ಸೇರುತ್ತಿತ್ತು. ಖಜಾನೆಗೆ ಬೇಕಾದದ್ದು ಹಣ ಕೈಗೆ ಬಂದ ದಿನ ಮಾತ್ರ, ಅದು ಯಾವ ಬೆಳೆಯ ಬಾಕಿ ಎಂಬುದಲ್ಲ. 1881ರ ನಂತರದ ಮೈಸೂರು ಸಂಸ್ಥಾನವಂತೂ ತನ್ನ ಹಣಕಾಸಿನ ವರ್ಷವನ್ನೇ ಜುಲೈನಿಂದ ಜೂನ್‌ವರೆಗೆ ಇಟ್ಟುಕೊಂಡಿತ್ತು.

ತಿಂಗಳು ಮುಗಿದ ಮೇಲೆ ಜಿಲ್ಲಾ ಖಜಾನೆ ತನ್ನ ಮತ್ತು ತಾಲೂಕುಗಳ ಜಮಾಖರ್ಚನ್ನು ಒಂದುಗೂಡಿಸಿ, ನಗದು ಲೆಕ್ಕ, ಪಾವತಿಗಳ ಪಟ್ಟಿ ಮತ್ತು ವೋಚರುಗಳ ಕಟ್ಟುಗಳನ್ನು ಪ್ರಾಂತ್ಯದ ಲೆಕ್ಕಗಳನ್ನು ನೋಡಿಕೊಳ್ಳುವ ಅಕೌಂಟೆಂಟ್ ಜನರಲ್ ಕಚೇರಿಗೆ ಕಳಿಸುತ್ತಿತ್ತು. ತಪಾಸಣೆ ನಡೆಯುತ್ತಿದ್ದುದು ಹಣ ಕೊಟ್ಟ ಮೇಲೆ. ಬಿಲ್ಲಿಗೆ ಮಂಜೂರಾತಿ ಇತ್ತೇ, ಸಂಬಳ ದರದ ಪ್ರಕಾರವಿದೆಯೇ, ಪಡೆದವನ ಸಹಿ ಇದೆಯೇ ಎಂದು ಅಲ್ಲಿನ ಗುಮಾಸ್ತರು ನೋಡಿ, ಕೊರತೆ ಕಂಡರೆ ಆಕ್ಷೇಪಣೆ ಬರೆದು ಕಳಿಸುತ್ತಿದ್ದರು. ಉತ್ತರ ತೃಪ್ತಿಕರವಾಗದಿದ್ದರೆ ಹಣವನ್ನು ಸಂಬಂಧಪಟ್ಟವನ ಸಂಬಳದಿಂದ ಮುರಿದುಕೊಳ್ಳುತ್ತಿದ್ದರು. ಈ ಕಟ್ಟಡಕ್ಕೆ ತಳಹದಿ ಬಿದ್ದದ್ದು 1857ರ ದಂಗೆಯ ಸಾಲದ ಹೊರೆಯ ಕೆಳಗೆ. 1858ರ ಕಾಯಿದೆ ಭಾರತದ ಲೆಕ್ಕವನ್ನು ಪ್ರತಿವರ್ಷ ಪಾರ್ಲಿಮೆಂಟಿನ ಮುಂದಿಡಬೇಕೆಂದಿತು. 1860ರಲ್ಲಿ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ ಕಲ್ಕತ್ತೆಯಲ್ಲಿ ಮೊದಲ ಬಜೆಟ್ ಮಂಡಿಸಿದ. ಅದೇ ವರ್ಷ ಎಡ್ಮಂಡ್ ಡ್ರಮ್ಮಂಡ್ ಮೊದಲ ಆಡಿಟರ್ ಜನರಲ್ ಆದ.

ಲಂಡನ್ನಿಗೆ ಹೋದ ಮೇಲೆ ರೂಪಾಯಿ ಪೌಂಡಾಗಬೇಕು. ಬಹುಕಾಲ ಲೆಕ್ಕದಲ್ಲಿ ಹತ್ತು ರೂಪಾಯಿಗೆ ಒಂದು ಪೌಂಡೆಂದು ಹಿಡಿಯುತ್ತಿದ್ದರು, ಆಗ ರೂಪಾಯಿಗೆ ಸುಮಾರು 24 ಪೆನ್ನಿ. ಬೆಳ್ಳಿಯ ಬೆಲೆ ಕುಸಿದು 1892-93ರ ಹೊತ್ತಿಗೆ ಅದು 15 ಪೆನ್ನಿಯ ಆಸುಪಾಸಿಗೆ ಇಳಿಯಿತು. ಲಂಡನ್ನಿನಲ್ಲಿ ಕೊಡಬೇಕಾದ ಪಿಂಚಣಿ, ಬಡ್ಡಿಗಳ ಹತ್ತು ಲಕ್ಷ ಪೌಂಡಿಗೆ ಮೊದಲು ಒಂದು ಕೋಟಿ ರೂಪಾಯಿ ಸಾಕಾಗಿದ್ದರೆ ಈಗ ಒಂದು ಕೋಟಿ ಅರವತ್ತು ಲಕ್ಷ ಬೇಕು. ವಿನಿಮಯ ನಷ್ಟವೆಂಬ ಶೀರ್ಷಿಕೆಯೊಂದು ವರ್ಷದಿಂದ ವರ್ಷಕ್ಕೆ ಊದಿಕೊಂಡಿತು, ಅದರ ಹಿಂದೆ ಒಂದು ಚಲನೂ ಇರಲಿಲ್ಲ, ಒಂದು ಬಿಲ್ಲೂ ಇರಲಿಲ್ಲ.

ಅಷ್ಟು ಹೊತ್ತಿಗೆ 7 ರೂಪಾಯಿ 9 ಆಣೆ 4 ಪೈ ತನ್ನ ಗುರುತನ್ನೆಲ್ಲ ಕಳೆದುಕೊಂಡಿರುತ್ತದೆ. ತಾಲೂಕಿನಲ್ಲಿ ಅದು ಒಂದು ಊರಿನ ಇರಸಾಲಿನ ಭಾಗ. ಬಳ್ಳಾರಿಯಲ್ಲಿ ಒಂದು ತಾಲೂಕಿನ ದಿನದ ಜಮೆಯ ಭಾಗ. ಮದ್ರಾಸಿನಲ್ಲಿ ರೋಮನ್ ಅಂಕಿ ಒಂದರ ಕೆಳಗೆ ಜಿಲ್ಲೆಯ ತಿಂಗಳ ಮೊತ್ತ. ಪಾರ್ಲಿಮೆಂಟಿನ ಮುಂದಿಟ್ಟ ಪುಸ್ತಕದಲ್ಲಿ ಕೋಟಿಗಟ್ಟಲೆ ಭೂಕಂದಾಯದ ಒಂದು ಸಾಲು. ಪೈಗೆ ಪೈ ತಾಳೆ ನೋಡುತ್ತಿದ್ದ ಆ ಸರಪಳಿಯಲ್ಲಿ ಕಟ್ಟಿದವನ ಹೆಸರು ಇದ್ದದ್ದು ತೀರಾ ಕೆಳಗಿನ ಪುಸ್ತಕದಲ್ಲಿ ಮಾತ್ರ, ಕರಣಿಕನ ಮನೆಯ ಮರದ ಪೆಟ್ಟಿಗೆಯಲ್ಲಿ, ಗೀಟುಗಳ ಬರಹದಲ್ಲಿ; ಅದಕ್ಕೆ ಇದ್ದದ್ದು ಒಂದೇ ಬೀಗ.